ಜಂಪ್ ಸ್ಟಾರ್ಟರ್ ಡಬ್ಬಿ: ಕಕ್ಕಬ್ಬೆಯ ಮಳೆಯಲ್ಲಿ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ತಗೊಳ್ಳಿ. ಟೌನಿನಿಂದ ದೂರ ಇರುವವರು, ಹೋಂಸ್ಟೇ ನಡೆಸುವವರು, ತೋಟದ ಕೆಲಸಕ್ಕೆ ಜೀಪ್ ಇಟ್ಟುಕೊಂಡವರು, ಎಲ್ಲರ ಮನೆಯಲ್ಲೂ ಇಂಥದ್ದೊಂದು ಇರಬೇಕು. ಆದರೆ ಜಾಹೀರಾತಿನಲ್ಲಿ ಹೇಳುವ ಕಾರಣಕ್ಕೆ ಅಲ್ಲ. ಬ್ಯಾಟರಿ ಇಳಿದ ಗಾಡಿಯನ್ನು ಎಬ್ಬಿಸುತ್ತದೆ ಅನ್ನುವುದು ಅದರ ಅರ್ಧ ಉಪಯೋಗ ಅಷ್ಟೇ. ಗಾಡಿ ಯಾಕೆ ಸ್ಟಾರ್ಟ್ ಆಗುತ್ತಿಲ್ಲ ಅನ್ನುವುದನ್ನು ಐದು ನಿಮಿಷದಲ್ಲಿ ತಿಳಿಸಿಕೊಡುತ್ತದಲ್ಲ, ನಮ್ಮಂಥ ಊರಿನಲ್ಲಿ ಅದೇ ದೊಡ್ಡ ಉಪಕಾರ.

ನಾವಿರುವುದು ಕೊಡಗಿನ ಕಕ್ಕಬ್ಬೆ ಹತ್ತಿರ. ತಡಿಯಂಡಮೋಳ್ ಬೆಟ್ಟ ಹತ್ತಲು ಬರುವವರು, ನಾಲ್ಕುನಾಡು ಅರಮನೆ ನೋಡಲು ಬರುವವರು ನಮ್ಮಲ್ಲಿ ಉಳಿಯುತ್ತಾರೆ. ಅವರ ಕಾರು ಒಮ್ಮೆ ಅಂಗಳಕ್ಕೆ ಬಂದು ನಿಂತರೆ ಹೊರಡುವ ದಿನದವರೆಗೆ ಅಲ್ಲಾಡುವುದಿಲ್ಲ. ಆ ಬೆಳಗ್ಗೆ ಬ್ಯಾಗೆಲ್ಲ ತುಂಬಿ, ಮಕ್ಕಳನ್ನು ಹತ್ತಿಸಿ, ಕೀ ತಿರುಗಿಸಿದರೆ ಟಕ್ ಟಕ್ ಟಕ್. ಮೆಕ್ಯಾನಿಕ್ ಬರಬೇಕೆಂದರೆ ನಾಪೋಕ್ಲಿನಿಂದ ಬರಬೇಕು, ಇಲ್ಲ ವಿರಾಜಪೇಟೆಯಿಂದ. ಮಳೆಗಾಲದಲ್ಲಿ ದಾರಿಗೆ ಮರ ಬಿದ್ದಿರುತ್ತದೆ, ಕರೆಂಟ್ ಹೋಗಿರುತ್ತದೆ, ಅದರ ಹಿಂದೆಯೇ ಫೋನಿನ ಸಿಗ್ನಲ್ಲೂ ಹೋಗಿರುತ್ತದೆ. ಬೊಳಿಬಾಣೆಯಲ್ಲಿ ಕಾವೇರಿ ರಸ್ತೆಗೆ ಬಂದರೆ ಮೂರ್ನಾಡು ಕಡೆಯ ದಾರಿಯೇ ಬಂದ್. ಇಷ್ಟೆಲ್ಲ ದಾಟಿ ಬಂದ ಮನುಷ್ಯ ಬಾನೆಟ್ ಎತ್ತಿ ನೋಡಿ, "ಅಕ್ಕಾ, ಇದು ಬ್ಯಾಟರಿ ಅಲ್ಲ, ಸೆಲ್ಫ್ ಮೋಟರ್ ಹೋಗಿದೆ, ನಾನು ಬ್ಯಾಟರಿ ತಂದಿದ್ದೀನಿ" ಅಂದರೆ (ಸೆಲ್ಫ್ ಅಂದರೆ ಕೀ ತಿರುಗಿಸಿದಾಗ ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಮೋಟರ್) ಆ ದಿನ ಮುಗಿದಂತೆ. ತಪ್ಪು ಅವರದ್ದಲ್ಲ. ಫೋನಿನಲ್ಲಿ "ಸ್ಟಾರ್ಟ್ ಆಗ್ತಿಲ್ಲ" ಅಂತ ಮಾತ್ರ ಕೇಳಿಸಿಕೊಂಡವರು ಏನು ತಾನೇ ತರಬೇಕು?

ಹಾಗಾಗಿ ಈ ಡಬ್ಬಿ ತರಿಸಿದೆವು. ಬೆಲೆ ಐದು ಸಾವಿರದ ಆಸುಪಾಸು. ಕಂಪನಿ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಇದೇ ಆಕಾರದ, ಇದೇ ಕ್ಲಿಪ್ಪಿನ ಡಬ್ಬಿ ಬೇರೆ ಬೇರೆ ಹೆಸರಲ್ಲಿ ಮಾರಾಟಕ್ಕಿದೆ. ಹೆಸರಿಗಿಂತ ಒಳಗೆ ಏನಿದೆ ಅನ್ನುವುದು ಮುಖ್ಯ.

ನೋಡಲು ದಪ್ಪ ಪವರ್ ಬ್ಯಾಂಕ್ ತರಹ ಇದೆ. ಒಂದು ಕಡೆ ಫೋನ್ ಚಾರ್ಜ್ ಮಾಡುವ ತೂತುಗಳು, ಒಂದು ಕಡೆ ಟಾರ್ಚ್, ಇನ್ನೊಂದು ಕಡೆ ಕೆಂಪು ಕಪ್ಪು ಕ್ಲಿಪ್ಪಿನ ಗಿಡ್ಡ ಕೇಬಲ್ ಸಿಕ್ಕಿಸುವ ಜಾಗ. ಬಾಕ್ಸಿನ ಮೇಲೆ ದೊಡ್ಡ ಅಕ್ಷರದಲ್ಲಿ 2000 ಆಂಪ್, 16000 ಎಂಎಎಚ್ ಅಂತ ಇದೆ. ಈ ಎರಡು ಅಂಕಿ ನೋಡಿ ಖುಷಿಪಡಬೇಡಿ. ಆ 2000 ಅನ್ನುವುದು ಒಂದು ಕ್ಷಣದ ಏರು, ಸೆಲ್ಫ್ ತಿರುಗುವಷ್ಟು ಹೊತ್ತು ಅಷ್ಟು ಕರೆಂಟು ಬರುವುದಿಲ್ಲ. 16000 ಅನ್ನುವುದನ್ನು ಒಂದೊಂದು ಸೆಲ್ಲಿನ 3.7 ವೋಲ್ಟಿಗೆ ಲೆಕ್ಕ ಹಾಕಿರುತ್ತಾರೆ. 16000 ಎಂಎಎಚ್ ಅಂದರೆ 16 ಆಂಪ್-ಅವರ್, ಅದನ್ನು 3.7ರಿಂದ ಗುಣಿಸಿ ನೋಡಿ, 59 ವ್ಯಾಟ್-ಅವರ್ ಬರುತ್ತದೆ, ಒಳಗೆ ತುಂಬಿರುವ ಒಟ್ಟು ಶಕ್ತಿ ಅಷ್ಟೇ. ಡೀಸೆಲ್ ಗಾಡಿಯ 12 ವೋಲ್ಟ್ 65 ಆಂಪ್-ಅವರ್ ಬ್ಯಾಟರಿಯಲ್ಲಿ 780 ವ್ಯಾಟ್-ಅವರ್ ಇರುತ್ತದೆ. ಅಂದರೆ ಡಬ್ಬಿಯಲ್ಲಿ ಇರುವುದು ಅದರ ಹತ್ತರಲ್ಲಿ ಒಂದು ಪಾಲೂ ಅಲ್ಲ. ಇದು ಬ್ಯಾಟರಿಯನ್ನು ಚಾರ್ಜ್ ಮಾಡುವುದಿಲ್ಲ, ಮಾಡುವುದಕ್ಕೆ ಆಗುವುದೂ ಇಲ್ಲ. ನೀರು ಎತ್ತದ ಕೈಪಂಪಿಗೆ ಮೇಲಿನಿಂದ ಒಂದು ಚೊಂಬು ನೀರು ಹೊಯ್ದು ಎಬ್ಬಿಸುತ್ತೇವಲ್ಲ, ಅಷ್ಟೇ ಇದರ ಕೆಲಸ. ಎಂಜಿನ್ ಹಿಡಿದ ಮೇಲೆ ಮುಂದಿನದ್ದು ಡೈನಮೋ, ಅಂದರೆ ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಯಂತ್ರ, ನೋಡಿಕೊಳ್ಳುತ್ತದೆ.

ಆ ಕೆಲಸವನ್ನು ಚೆನ್ನಾಗಿ ಮಾಡುತ್ತದಾ? ಮಾಡುತ್ತದೆ. ಪೆಟ್ರೋಲ್ ಕಾರುಗಳಲ್ಲಿ ಒಂದು ಸಲವೂ ಕೈ ಕೊಟ್ಟಿಲ್ಲ. ಡೀಸೆಲ್ಲಿಗೆ, ಅದರಲ್ಲೂ ಡಿಸೆಂಬರ್ ಜನವರಿಯ ಬೆಳಗಿನ ಚಳಿಯಲ್ಲಿ ಎಂಜಿನ್ ಆಯಿಲ್ ಮಂದ ಆಗಿರುವಾಗ, ಡಬ್ಬಿ ಪೂರ್ತಿ ಚಾರ್ಜ್ ಇರಲೇಬೇಕು. ಅರ್ಧ ಚಾರ್ಜಿನಲ್ಲಿ ಸೆಲ್ಫ್ ಎಳೆದಾಡುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಹೀಟರ್ ಪ್ಲಗ್ಗಿನ ದೀಪ ಆರುವವರೆಗೆ ಕಾದು ಆಮೇಲೆ ಸೆಲ್ಫ್ ಹೊಡೆಯಿರಿ. ಇದನ್ನು ಆತುರದಲ್ಲಿ ಎಲ್ಲರೂ ಮರೆಯುತ್ತಾರೆ.

ಈಗ ನನಗೆ ನಿಜವಾಗಿ ಇಷ್ಟವಾದ ವಿಷಯಕ್ಕೆ ಬರುತ್ತೇನೆ.

ಕೀ ತಿರುಗಿಸಿದಾಗ ಗಾಡಿ ಒಂದಲ್ಲ ಒಂದು ಸದ್ದು ಮಾಡುತ್ತದೆ, ಇಲ್ಲ ಮಾಡುವುದಿಲ್ಲ. ಹೆಡ್‌ಲೈಟ್ ಹಾಕಿಕೊಂಡು ಕೀ ತಿರುಗಿಸಿ. ಟಕಟಕ ಅಂತ ಬೇಗ ಬೇಗ ಬಡಿದು ಲೈಟ್ ಪೂರ್ತಿ ಮಂಕಾದರೆ ಬ್ಯಾಟರಿ ಇಳಿದಿದೆ, ಅಥವಾ ಟರ್ಮಿನಲ್ (ಬ್ಯಾಟರಿಗೆ ವೈರ್ ಸಿಕ್ಕಿಸುವ ತುದಿ) ಸಡಿಲ ಇದೆ. ಲೈಟ್ ಚೆನ್ನಾಗಿಯೇ ಉರಿಯುತ್ತಿದ್ದು ಒಂದೇ ಒಂದು ಟಕ್ ಕೇಳಿಸಿ ಸುಮ್ಮನಾದರೆ ಸೆಲ್ಫ್ ಮೋಟರಿನ ಕಡೆ ನೋಡಬೇಕು. ಲೈಟೇ ಬರದಿದ್ದರೆ ಬ್ಯಾಟರಿಯಲ್ಲಿ ಏನೂ ಉಳಿದಿಲ್ಲ, ಇಲ್ಲ ಟರ್ಮಿನಲ್ ಕಳಚಿಕೊಂಡಿದೆ. ಸೆಲ್ಫ್ ಜೋರಾಗಿ ತಿರುಗುತ್ತಿದ್ದು ಎಂಜಿನ್ ಮಾತ್ರ ಹಿಡಿಯದಿದ್ದರೆ ಬ್ಯಾಟರಿಯ ಮಾತೇ ಬೇಡ, ಅದು ಡೀಸೆಲ್ ಅಥವಾ ಪೆಟ್ರೋಲಿನ ತೊಂದರೆ, ಇಲ್ಲ ಕರೆಂಟಿನ ಬೇರೆ ತೊಂದರೆ. ಇಷ್ಟು ಡಬ್ಬಿ ಇಲ್ಲದೆಯೂ ಗೊತ್ತಾಗುತ್ತದೆ. ಡಬ್ಬಿ ಇದ್ದರೆ ಇದನ್ನು ಖಚಿತ ಮಾಡಿಕೊಳ್ಳಬಹುದು. ಚಾರ್ಜ್ ಇರುವ ಡಬ್ಬಿ ಸಿಕ್ಕಿಸಿದ ಮೇಲೂ ಅದೇ ಒಂದು ಟಕ್ ಅಂದರೆ ಹೊಸ ಬ್ಯಾಟರಿ ತಂದು ಹಾಕಿದರೂ ಅದೇ ಟಕ್ ಬರುತ್ತದೆ. ಇದನ್ನು ಮೆಕ್ಯಾನಿಕ್‌ಗೆ ಫೋನಿನಲ್ಲಿ ಹೇಳಿ ನೋಡಿ. ಅವರು ಹೊರಡುವಾಗಲೇ ಸರಿಯಾದ ಸಾಮಾನು ತೆಗೆದುಕೊಂಡು ಹೊರಡುತ್ತಾರೆ.

ಇದರ ಜೊತೆ ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್ ಇಟ್ಟುಕೊಳ್ಳಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ ಅಂತ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಬಂದರೆ ಸ್ಟಾರ್ಟ್ ಆಗುವ ಭರವಸೆ ಇಟ್ಟುಕೊಳ್ಳಬೇಡಿ. ಎಂಜಿನ್ ಓಡುವಾಗ ಸುಮಾರು 13.8ರಿಂದ 14.4 ಬರಬೇಕು. ಓಡುವಾಗಲೂ 12.4ರಲ್ಲೇ ನಿಂತಿದ್ದರೆ ಡೈನಮೋ ಚಾರ್ಜ್ ಕೊಡುತ್ತಿಲ್ಲ. ಅಂಥ ಗಾಡಿಯನ್ನು ಡಬ್ಬಿಯಿಂದ ಎಬ್ಬಿಸಿ ಕಳಿಸಿದರೆ ದಾರಿಯಲ್ಲಿ ಎಲ್ಲೋ ಮತ್ತೆ ನಿಲ್ಲುತ್ತದೆ. ಸಂಪಾಜೆ ಘಾಟಿಯಲ್ಲಿ ಮಂಜು ಮುಸುಕಿರುವಾಗ ಲೈಟೂ ಇಲ್ಲದೆ ನಿಲ್ಲುವುದಕ್ಕಿಂತ ನಮ್ಮ ಅಂಗಳದಲ್ಲೇ ನಿಂತಿರುವುದು ಒಳ್ಳೆಯದು. ಅದಕ್ಕೇ ಅತಿಥಿಗಳ ಕಾರು ಸ್ಟಾರ್ಟ್ ಆದ ತಕ್ಷಣ ನಾವು ಮೀಟರ್ ಇಟ್ಟು ನೋಡದೆ ಕಳಿಸುವುದಿಲ್ಲ.

ನಮ್ಮದೇ ಹಳೇ ಡೀಸೆಲ್ ಗಾಡಿಯ ಕಥೆ ಹೇಳಲೇಬೇಕು. ಮಳೆ ಶುರುವಾದರೆ ಬೆಳಗ್ಗೆ ಸ್ಟಾರ್ಟ್ ಆಗುತ್ತಿರಲಿಲ್ಲ. ಟೌನಿನ ಒಂದು ಅಂಗಡಿಯಲ್ಲಿ ಮೀಟರ್ ಸಹ ಇಡದೆ, ಬ್ಯಾಟರಿ ಹೋಗಿದೆ ಅಂದು, ಹಳೆಯದನ್ನು ತೆಗೆದುಕೊಂಡು ಹೊಸದು ಹಾಕಿ ಕಳಿಸಿದ್ದರು. ಒಳ್ಳೇ ದುಡ್ಡೇ ಆಯಿತು. ಸ್ವಲ್ಪ ದಿನ ಸರಿಯಿತ್ತು, ಮತ್ತೆ ಅದೇ ಕಾಟ. ಆಗ ಈ ಡಬ್ಬಿ ಬಂದಿತ್ತು. ಮೀಟರ್ ಇಟ್ಟರೆ ಬ್ಯಾಟರಿ 12.5, ಅಂದರೆ ಚೆನ್ನಾಗಿದೆ. ಟರ್ಮಿನಲ್ ಬಿಚ್ಚಿ, ಉಜ್ಜಿ, ಬಿಗಿ ಮಾಡಿದರೂ ಟಕ್. ಡಬ್ಬಿಯ ಕೆಂಪು ಕ್ಲಿಪ್ಪನ್ನು ಬ್ಯಾಟರಿಯ ಪ್ಲಸ್ಸಿಗೆ, ಕಪ್ಪನ್ನು ನೇರ ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ ಹಾಕಿದಾಗ ಒಂದೇ ಏಟಿಗೆ ಸ್ಟಾರ್ಟ್! ಆಫ್ ಮಾಡಿ ಡಬ್ಬಿ ತೆಗೆದರೆ ಮತ್ತೆ ಟಕ್.

ಬ್ಯಾಟರಿ ತುಂಬಿದೆ, ಆದರೂ ಡಬ್ಬಿ ಬೇಕು. ಯಾಕೆ? ಕಪ್ಪು ಕ್ಲಿಪ್ ಎಂಜಿನ್ನಿಗೇ ಹಿಡಿದಿದ್ದರಿಂದ ಕರೆಂಟಿಗೆ ಹೊಸ ದಾರಿ ಸಿಕ್ಕಿತ್ತು. ಹಳೇ ದಾರಿ, ಅಂದರೆ ಬ್ಯಾಟರಿಯ ಮೈನಸ್ಸಿನಿಂದ ಬಾಡಿಗೂ ಅಲ್ಲಿಂದ ಎಂಜಿನ್ನಿಗೂ ಹೋಗುವ ಅರ್ತ್ ವೈರ್, ಕೆಟ್ಟಿತ್ತು. ವಿರಾಜಪೇಟೆಯ ಆಟೋ ಎಲೆಕ್ಟ್ರಿಷಿಯನ್ ಅಣ್ಣನಿಗೆ ಫೋನಿನಲ್ಲಿ ಇಷ್ಟೇ ಹೇಳಿದೆ. "ಸರಿ ಅಕ್ಕಾ, ಬೇರೇನೂ ಮುಟ್ಟಬೇಡಿ, ಅರ್ತ್ ವೈರ್ ತರ್ತೀನಿ" ಅಂದರು. ಬಂದವರು ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ನಿಗೆ ಇಟ್ಟು, ನನ್ನನ್ನು ಸೆಲ್ಫ್ ಹೊಡೆಯಲು ಹೇಳಿದರು. ಆ ಎರಡು ಜಾಗದ ನಡುವೆ ಅರ್ಧ ವೋಲ್ಟಿನ ಒಳಗೆ ಇರಬೇಕಂತೆ, ನಮ್ಮದರಲ್ಲಿ ಎಷ್ಟೋ ಜಾಸ್ತಿ ಇತ್ತು. ಗಾಡಿ ಕೆಳಗೆ ನುಗ್ಗಿ ವೈರ್ ಬಿಚ್ಚಿದಾಗ ಮೇಲಿನ ಹೊದಿಕೆ ಚೆನ್ನಾಗಿಯೇ ಇತ್ತು, ಬೋಲ್ಟ್ ಕೂರುವ ಕಡೆ ಮಾತ್ರ ಪೂರ್ತಿ ಹಸಿರು ಹಿಡಿದು ಪುಡಿ ಪುಡಿ. ತೋಟದ ಕೆಸರು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಥಂಡಿ, ಅದೆಲ್ಲ ಅಲ್ಲಿ ಹೋಗಿ ಕೂತಿತ್ತು. ಹೊಸ ಬ್ಯಾಟರಿಗೆ ಕೊಟ್ಟ ದುಡ್ಡಿನ ಪಕ್ಕದಲ್ಲಿ ಆ ವೈರಿನ ಬೆಲೆ ಲೆಕ್ಕಕ್ಕೇ ಇಲ್ಲ. ಮೀಟರ್ ಇಡದೆ ಬ್ಯಾಟರಿ ಮಾರುವುದನ್ನು ನಾನು ಒಪ್ಪುವುದಿಲ್ಲ. ದಿನಗೂಲಿ ಮಾಡುವವರು, ಬಾಡಿಗೆಗೆ ಪಿಕಪ್ ಓಡಿಸುವವರು ಕೂಡ ಅದೇ ಅಂಗಡಿಗೆ ಹೋಗುತ್ತಾರೆ, ಅವರಿಗೆ ಅದು ಸಣ್ಣ ದುಡ್ಡಲ್ಲ.

ಅತಿಥಿಗಳ ಕಾರಿನಲ್ಲಿ ಬೇರೆಯೇ ತರಹದ ತೊಂದರೆಗಳು. ಮಂಜಿನಲ್ಲಿ ಹಗಲೇ ಲೈಟ್ ಹಾಕಿಕೊಂಡು ಬಂದವರು ಆರಿಸುವುದನ್ನು ಮರೆತು ಒಳಗೆ ಹೋಗುತ್ತಾರೆ. 55 ವ್ಯಾಟಿನ ಎರಡು ಬಲ್ಬ್ ಅಂದರೆ 9 ಆಂಪ್, ಚಿಕ್ಕ ಕಾರಿನ 35 ಆಂಪ್-ಅವರ್ ಬ್ಯಾಟರಿ ನಾಲ್ಕು ಗಂಟೆ ಸಹ ತಡೆಯುವುದಿಲ್ಲ. ಇಂಥದ್ದಕ್ಕೆ ಡಬ್ಬಿ ಹೇಳಿ ಮಾಡಿಸಿದ್ದು, ಸಿಕ್ಕಿಸಿದರೆ ಆಯಿತು. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳಲ್ಲಿ ಮಾತ್ರ ಡಬ್ಬಿ ತೆಗೆಯುವ ಮೊದಲು ಡ್ಯಾಶ್‌ಬೋರ್ಡ್ ನೋಡಿ. ಕೀ ಚಿತ್ರ ಮಿನುಗುತ್ತಿದ್ದರೆ ಕಾರು ಕೀಯನ್ನು ಗುರುತಿಸುತ್ತಿಲ್ಲ ಅಂತ. ಕೀ ಒಳಗಿನ ಬಿಲ್ಲೆ ಬ್ಯಾಟರಿ ಮುಗಿದಿರುತ್ತದೆ. ಎಷ್ಟೋ ಕಾರುಗಳಲ್ಲಿ ಕೀಯನ್ನೇ ಬಟನ್ನಿಗೆ ತಾಗಿಸಿ ಹಿಡಿದು ಒತ್ತಿದರೆ ಸ್ಟಾರ್ಟ್ ಆಗುತ್ತದೆ. ಕ್ಲಚ್ ಪೂರ್ತಿ ಒತ್ತಿದ್ದಾರಾ, ಆಟೋಮ್ಯಾಟಿಕ್ ಆದರೆ ಗೇರ್ ಪಾರ್ಕಿನಲ್ಲಿ ಇದೆಯಾ, ಬ್ರೇಕ್ ಒತ್ತಿದ್ದಾರಾ, ಇದನ್ನೂ ಕೇಳಿ. ಆಟೋಮ್ಯಾಟಿಕ್ ಕಾರನ್ನು ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡಲು ಹೋಗಬೇಡಿ, ಅದು ಆಗುವ ಕೆಲಸ ಅಲ್ಲ.

ಇಲಿ ಕಾಟವನ್ನು ಬಿಡುವ ಹಾಗಿಲ್ಲ. ಮಳೆಗೆ ಬೆಚ್ಚಗಿನ ಜಾಗ ಹುಡುಕಿ ಬಾನೆಟ್ ಒಳಗೆ ಸೇರುತ್ತವೆ, ವೈರ್ ಕಡಿಯುತ್ತವೆ. ಸೆಲ್ಫ್ ಚೆನ್ನಾಗಿ ತಿರುಗುತ್ತಿದೆ, ಎಂಜಿನ್ ಹಿಡಿಯುತ್ತಿಲ್ಲ ಅಂದರೆ ನಾನು ಮೊದಲು ಟಾರ್ಚ್ ಹಾಕಿ ವೈರುಗಳನ್ನು ನೋಡುತ್ತೇನೆ. ಪೆಟ್ರೋಲ್ ಕಾರಾದರೆ ಕೀ ಆನ್ ಮಾಡಿ ಕಿವಿಗೊಡಿ, ಹಿಂದಿನ ಸೀಟಿನ ಕೆಳಗಿನಿಂದ ಎರಡು ಸೆಕೆಂಡ್ ಸಣ್ಣಗೆ ಝುಂ ಅಂತ ಪೆಟ್ರೋಲ್ ಪಂಪಿನ ಸದ್ದು ಬರಬೇಕು. ಬರದಿದ್ದರೆ ಫ್ಯೂಸ್, ರಿಲೇ ನೋಡಬೇಕು. ಡೀಸೆಲ್ ಪೂರ್ತಿ ಖಾಲಿಯಾಗಿ ನಿಂತ ಗಾಡಿಗೆ ಕ್ಯಾನಿನಲ್ಲಿ ತಂದು ಹೊಯ್ದರೆ ಸಾಲದು, ಪೈಪಿನಲ್ಲಿ ಗಾಳಿ ಸೇರಿರುತ್ತದೆ. ಫಿಲ್ಟರ್ ಹತ್ತಿರದ ಕೈಪಂಪ್ ಗಟ್ಟಿಯಾಗುವವರೆಗೆ ಒತ್ತಿ ಏರ್ ತೆಗೆಯಬೇಕು. ಇಂಥ ಕಡೆ ಡಬ್ಬಿ ಹಾಕಿ ಸೆಲ್ಫ್ ಹೊಡೆಯುತ್ತಾ ಹೋದರೆ ಡಬ್ಬಿಯೂ ಖಾಲಿ, ಸೆಲ್ಫ್ ಮೋಟರೂ ಬಿಸಿ.

ಒಂದು ಕಡೆ ಮಾತ್ರ ಈ ಡಬ್ಬಿಯನ್ನು ಹೊರಗೇ ತೆಗೆಯಬೇಡಿ. ರಸ್ತೆ ಮೇಲೆ ಹರಿಯುವ ನೀರಿನಲ್ಲಿ ಹೋಗಿ ಗಾಡಿ ನಿಂತಿದ್ದರೆ. ಗಾಳಿ ಎಳೆಯುವ ಪೈಪಿನಿಂದ ಎಂಜಿನ್ ಒಳಗೆ ನೀರು ಹೋಗಿರಬಹುದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲು ಆಗುವುದಿಲ್ಲ, ಪಿಸ್ಟನ್ ಮೇಲೆ ಬರುವಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಒಂದು ಸಲ ಸೆಲ್ಫ್ ಹೊಡೆದರೂ ಎಂಜಿನ್ನೇ ಹೋಗಬಹುದು. ಗಾಡಿಯನ್ನು ಎಳೆಸಿಕೊಂಡು ಹೋಗಿ ಗ್ಯಾರೇಜಿನಲ್ಲಿ ಬಿಚ್ಚಿಸಿ ನೋಡಬೇಕು. ಭಾಗಮಂಡಲದ ಕಡೆ ಸಂಗಮದ ನೀರು ರಸ್ತೆಗೆ ಏರಿದ ದಿನಗಳಲ್ಲಿ ಹೊರಗಿನಿಂದ ಬಂದವರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಇನ್ನು ಡಬ್ಬಿಯಲ್ಲಿ ನನಗೆ ಹಿಡಿಸದ ವಿಷಯಗಳು. ಕೇಬಲ್ ತುಂಬಾ ಗಿಡ್ಡ. ಬ್ಯಾಟರಿ ಒಂದು ಮೂಲೆಯಲ್ಲಿ, ಎಂಜಿನ್ನಿನ ಕಬ್ಬಿಣ ಸಿಗುವುದು ಇನ್ನೊಂದು ಕಡೆ ಇರುವ ಗಾಡಿಗಳಲ್ಲಿ ಕಪ್ಪು ಕ್ಲಿಪ್ ಮುಟ್ಟುವುದೇ ಇಲ್ಲ, ಡಬ್ಬಿಯನ್ನು ಒಬ್ಬರು ಕೈಯಲ್ಲಿ ಎತ್ತಿ ಹಿಡಿದು ನಿಲ್ಲಬೇಕು. ಕ್ಲಿಪ್ಪಿನ ಹಲ್ಲು ಸಣ್ಣ ಟರ್ಮಿನಲ್ ಮೇಲೆ ಜಾರುತ್ತದೆ. ತೂತುಗಳನ್ನು ಮುಚ್ಚುವ ರಬ್ಬರ್ ಬೇಗ ಸಡಿಲ ಆಗಿದೆ, ಮಳೆಯಲ್ಲಿ ಒಬ್ಬರು ಕೊಡೆ ಹಿಡಿಯದೆ ಬಳಸುವ ಧೈರ್ಯ ನನಗಿಲ್ಲ.

ಬೂಸ್ಟ್ ಅಂತ ಒಂದು ಬಟನ್ ಇದೆ, ಅದರ ಬಗ್ಗೆ ಬುಕ್ಲೆಟ್ಟಿನಲ್ಲಿ ಎರಡೇ ಸಾಲು. ನಿಜಕ್ಕೂ ಅದರ ಬಗ್ಗೆಯೇ ಜಾಸ್ತಿ ಬರೆಯಬೇಕಿತ್ತು. ಬ್ಯಾಟರಿ ಪೂರ್ತಿ ಖಾಲಿಯಾಗಿದ್ದರೆ ಕ್ಲಿಪ್ಪಿಗೆ ಅಲ್ಲಿ ಬ್ಯಾಟರಿ ಇದೆ ಅಂತಲೇ ಗೊತ್ತಾಗುವುದಿಲ್ಲ, ಆಗ ಡಬ್ಬಿ ಕರೆಂಟ್ ಕೊಡುವುದಿಲ್ಲ. ಬೂಸ್ಟ್ ಒತ್ತಿದರೆ ಕೊಡುತ್ತದೆ, ಆದರೆ ಪ್ಲಸ್ ಮೈನಸ್ ಅದಲು ಬದಲಾದರೆ ತಡೆಯುವ ರಕ್ಷಣೆ ಆಗ ಕೆಲಸ ಮಾಡುವುದಿಲ್ಲ. ಕೆಂಪು ಪ್ಲಸ್ಸಿಗೇ ಇದೆಯಾ ಅಂತ ಎರಡು ಸಲ ನೋಡಿ ಆಮೇಲೆ ಒತ್ತಿ.

ನನಗೆ ಬೇಜಾರಾದದ್ದು ಬುಕ್ಲೆಟ್ ಪೂರ್ತಿ ಇಂಗ್ಲಿಷಿನಲ್ಲಿ ಇರುವುದು. ನಮ್ಮಲ್ಲಿ ಇದನ್ನು ಬಳಸುವವರು ಪಿಕಪ್ ಓಡಿಸುವ ಹುಡುಗರು, ತೋಟದ ರೈಟರು. ಅವರಿಗೆ ಆ ಸಣ್ಣ ಅಕ್ಷರದ ಇಂಗ್ಲಿಷ್ ಏನು ಪ್ರಯೋಜನ? ನಾನೇ ಕನ್ನಡದಲ್ಲಿ ಒಂದು ಹಾಳೆ ಬರೆದು ಚೀಲದ ಒಳಗೆ ಅಂಟಿಸಿದ್ದೇನೆ. ಎಲ್ಲ ಸ್ವಿಚ್ ಆಫ್ ಮಾಡು. ಕೆಂಪು ಮೊದಲು, ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ಆಮೇಲೆ, ಎಂಜಿನ್ನಿನ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ, ಯಾಕೆಂದರೆ ಬ್ಯಾಟರಿಯಿಂದ ಹೈಡ್ರೋಜನ್ ಗ್ಯಾಸ್ ಬರುತ್ತದೆ, ಕಿಡಿ ತಾಗಬಾರದು. ಸೆಲ್ಫ್ ಐದು ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡ, ಹಿಡಿಯದಿದ್ದರೆ ಅರ್ಧ ನಿಮಿಷ ಬಿಟ್ಟು ಹೊಡಿ. ಸ್ಟಾರ್ಟ್ ಆದ ಮೇಲೆ ಅರ್ಧ ನಿಮಿಷದೊಳಗೆ ಡಬ್ಬಿ ತೆಗೆ, ಕಪ್ಪು ಮೊದಲು, ಕೆಂಪು ಆಮೇಲೆ. ಇಷ್ಟೇ. ಈ ಹಾಳೆಯ ಫೋಟೋ ಅಕ್ಕಪಕ್ಕದ ತೋಟದವರಿಗೂ ಕಳಿಸಿದ್ದೇನೆ, ನೀವೂ ಬರೆದುಕೊಳ್ಳಿ.

ಡಬ್ಬಿಯನ್ನು ಗಾಡಿಯಲ್ಲೇ ಬಿಡಬೇಡಿ. ಲಿಥಿಯಂ ಬ್ಯಾಟರಿಗೆ ಬಿಸಿಲಲ್ಲಿ ನಿಂತ ಕಾರಿನ ಶಾಖ ಒಳ್ಳೆಯದಲ್ಲ. ಮನೆಯೊಳಗೆ ಇಟ್ಟು, ತಿಂಗಳಿಗೊಮ್ಮೆ ಎಷ್ಟು ಚಾರ್ಜ್ ಇದೆ ನೋಡಿ ತುಂಬಿಸಿ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಇದರಿಂದಲೇ ಫೋನ್ ಚಾರ್ಜ್ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ನಮ್ಮ ಮನೆಯಲ್ಲಿ ಅದನ್ನು ನಿಲ್ಲಿಸಿದ್ದೇವೆ, ಫೋನಿಗೆ ಬೇರೆ ಪವರ್ ಬ್ಯಾಂಕ್ ಇದೆ. ಊರಲ್ಲಿ ಕಾರು ಬಿಟ್ಟು ಬೆಂಗಳೂರಿನಲ್ಲಿ ಇರುವವರಿಗೂ ಇದು ಬೇಕಾಗುತ್ತದೆ. ನಿಂತ ಕಾರು ಕೂಡ ಗಡಿಯಾರ, ಅಲಾರಂ ಅಂತ 50 ಮಿಲಿ ಆಂಪ್‌ವರೆಗೆ ತಿನ್ನುತ್ತಿರುತ್ತದೆ. ದಿನಕ್ಕೆ 1.2 ಆಂಪ್-ಅವರ್, ತಿಂಗಳಿಗೆ 36. ನವೆಂಬರ್ ಡಿಸೆಂಬರಿನ ಹುತ್ತರಿ ಹಬ್ಬಕ್ಕೆ ಬಂದು ಹೋದವರು ಬೇಸಿಗೆ ರಜೆಗೆ ಬಂದು ಕೀ ತಿರುಗಿಸಿದರೆ ಏನಾಗುತ್ತದೆ ಲೆಕ್ಕ ಹಾಕಿ. ಅವರು ಹೋಗುವಾಗಲೇ ಮೈನಸ್ ಟರ್ಮಿನಲ್ ಬಿಚ್ಚಿಟ್ಟು ಹೋದರೆ ಡಬ್ಬಿಯೂ ಬೇಕಾಗುವುದಿಲ್ಲ.

ಮಡಿಕೇರಿ, ಕುಶಾಲನಗರದ ಪೇಟೆಯಲ್ಲೇ ಇರುವವರಿಗೆ ಇದು ಅಷ್ಟು ಅವಶ್ಯ ಅಲ್ಲ. ಪಕ್ಕದಲ್ಲೇ ಗ್ಯಾರೇಜ್ ಇರುತ್ತದೆ, ಇನ್ನೊಂದು ಗಾಡಿ ಸಿಗುತ್ತದೆ, ಒಂದು ಜೊತೆ ಒಳ್ಳೇ ದಪ್ಪ ಜಂಪರ್ ಕೇಬಲ್ ಸಾಕು. ಉಳಿದವರು ಕೊಳ್ಳುವಾಗ ಆಂಪ್ ನೋಡುವ ಬದಲು ಹಿಂಬದಿಯ ಸಣ್ಣ ಅಕ್ಷರದಲ್ಲಿ ವ್ಯಾಟ್-ಅವರ್ ಎಷ್ಟು ಅಂತ ನೋಡಿ, ಡೀಸೆಲ್ ಎಷ್ಟು ಲೀಟರ್ ಎಂಜಿನ್‌ವರೆಗೆ ಆಗುತ್ತದೆ ಅಂತ ಬರೆದಿದ್ದಾರಾ ನೋಡಿ, ಕೇಬಲ್ಲಿನ ಉದ್ದ ಕೇಳಿ. ಆಗುತ್ತದೆ ಅಂತಾದರೆ ಅಂಗಡಿಯಲ್ಲೇ ನಿಮ್ಮ ಗಾಡಿಯ ಬಾನೆಟ್ ಎತ್ತಿ, ಕ್ಲಿಪ್ ಎರಡೂ ಕಡೆ ಮುಟ್ಟುತ್ತದಾ ಅಂತ ಹಿಡಿದು ನೋಡಿ ದುಡ್ಡು ಕೊಡಿ.